ಕಿವಿ ಸರಿಯಾಗಿದೆ, ಇವರನ್ನು ಮನೆಗೆ ಕರ್ಕೊಂಡು ಹೋಗಿ

"ಮೇಡಂ, ಇವರ ಕಿವಿ ಒಮ್ಮೆ ಟೆಸ್ಟ್ ಮಾಡಿಬಿಡಿ. ರಾತ್ರಿ ಮಗು ಎಷ್ಟು ಅತ್ತರೂ ಇವರಿಗೆ ಕೇಳಿಸೋದೇ ಇಲ್ಲ."

ಕಿವಿ ಪರೀಕ್ಷೆ ಮಾಡುವುದು ನನ್ನ ಕೆಲಸ. ಹೀಗೆ ಗಂಡನನ್ನು ಕರೆತರುವ ಬಾಣಂತಿಯರು ನನಗೆ ಹೊಸಬರಲ್ಲ. ಗಂಡನನ್ನು ಹೊರಗಿನ ಸದ್ದು ಬಾರದ ಬೂತಿನಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಒತ್ತಲು ಕೈಗೆ ಬಟನ್ ಕೊಡುತ್ತೇನೆ. ಸ್ವಲ್ಪ ಹೊತ್ತಿಗೆ ಆಡಿಯೋಗ್ರಾಂ ಬರುತ್ತದೆ, ಅಂದರೆ ಎಷ್ಟು ಮೆಲ್ಲನೆಯ ಶಬ್ದದವರೆಗೂ ಕೇಳಿಸುತ್ತದೆ ಅಂತ ತೋರಿಸುವ ಹಾಳೆ. ಎರಡೂ ಕಿವಿಯ ಗೆರೆ 15 ಡೆಸಿಬೆಲ್ ಆಸುಪಾಸಿನಲ್ಲಿ. 25ರವರೆಗೂ ನಾವು ಸರಿ ಅಂತಲೇ ಬರೆಯುತ್ತೇವೆ. ಮಗು ಹತ್ತಿರದಲ್ಲೇ ಕಿರುಚಿ ಅತ್ತರೆ 100 ಡೆಸಿಬೆಲ್ ಮುಟ್ಟಬಹುದು. ಕಿವಿಗೆ ಬೀಳದೇ ಇರುವ ಮಾತೇ ಇಲ್ಲ. ಹಾಳೆ ನೋಡಿ ಹೆಂಡತಿಯ ಮುಖ ಸಪ್ಪಗಾಗುತ್ತದೆ, ಏನಾದರೂ ದೋಷ ಸಿಕ್ಕಿದ್ದರೇ ಚೆನ್ನಾಗಿತ್ತು ಅನ್ನೋ ಹಾಗೆ. ಗಂಡ ಮಾತ್ರ ಕೇಸು ಗೆದ್ದವರಂತೆ, "ನೋಡು, ನಿನ್ನದು ತಾಯಿ ಕಿವಿ. ಗಂಡಸರಿಗೆ ಅದು ಬರಲ್ಲ" ಎನ್ನುತ್ತಾರೆ.

ಈ 'ತಾಯಿ ಕಿವಿ' ಅನ್ನೋ ಮಾತು ಕೇಳಿದರೇ ನನಗೆ ರೇಗುತ್ತದೆ.

ಹೆರಿಗೆಯಾದರೆ ಕಿವಿ ಚುರುಕಾಗುವುದಿಲ್ಲ. ಆ ಹೆಂಡತಿಯನ್ನೇ ಬೂತಿನಲ್ಲಿ ಕೂರಿಸಿದರೂ ಗೆರೆ ಹೆಚ್ಚುಕಡಿಮೆ ಅಲ್ಲೇ ಬರುತ್ತದೆ. ಕಿವಿ ಶಬ್ದವನ್ನು ಒಳಗೆ ಸಾಗಿಸುತ್ತದೆ, ಅಷ್ಟೇ. ಯಾವುದಕ್ಕೆ ಎದ್ದು ಕೂರಬೇಕು, ಯಾವುದನ್ನು ಬಿಟ್ಟು ಮಲಗಬೇಕು ಅನ್ನೋದು ಮಿದುಳಿನ ತೀರ್ಮಾನ. ಬದಲಾಗೋದು ಆ ತೀರ್ಮಾನ. ಅದು ಬದಲಾಗೋದಕ್ಕೆ ಮಗುವಿನ ಪಕ್ಕದಲ್ಲಿರಬೇಕು.

ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದ್ದು ಇಲಿಗಳು. ಮರಿ ಗೂಡಿನಿಂದ ಹೊರಗೆ ಬಿದ್ದರೆ ಕೂಗುತ್ತದೆ. ಆ ಕೂಗು 20,000 ಹರ್ಟ್ಸ್‌ಗಿಂತ ಎಷ್ಟೋ ಮೇಲೆ, ನಮ್ಮ ಕಿವಿಗೆ ಎಟುಕುವುದಿಲ್ಲ. ತಾಯಿ ಇಲಿ ಓಡಿಹೋಗಿ ಬಾಯಲ್ಲಿ ಎತ್ತಿಕೊಂಡು ಬರುತ್ತದೆ. ಮರಿ ಹಾಕದ ಹೆಣ್ಣಿಲಿಯ ಕಿವಿಗೂ ಅದೇ ಕೂಗು ಬೀಳುತ್ತದೆ, ಆದರೆ ಸಾಮಾನ್ಯವಾಗಿ ಅದು ಕ್ಯಾರೇ ಅನ್ನುವುದಿಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಬಿಯಾಂಕಾ ಮಾರ್ಲಿನ್, ರಾಬರ್ಟ್ ಫ್ರೋಮ್ಕಿ ಮತ್ತು ಸಂಗಡಿಗರು 2015ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿದರು. ಮಿದುಳಿನ ಎಡಭಾಗದಲ್ಲಿ ಶಬ್ದ ಗುರುತಿಸುವ ಜಾಗದಲ್ಲಿ, ತಾಯಿಯ ನರಕೋಶಗಳು ಕೂಗಿನ ತಾಳಕ್ಕೆ ಸರಿಯಾಗಿ ಮಿಡಿಯುತ್ತಿದ್ದವು. ಮರಿ ಹಾಕದವುಗಳಲ್ಲಿ ಅಲ್ಲೊಂದು ಇಲ್ಲೊಂದು. ಅದೇ ಜಾಗಕ್ಕೆ ಆಕ್ಸಿಟೋಸಿನ್ ಹಾರ್ಮೋನ್ ಒದಗಿಸಿದಾಗ ಅವೂ ಮರಿ ತರುವುದನ್ನು ಬೇಗ ಕಲಿತವು. ನರಕೋಶಗಳನ್ನು ಹಿಡಿದಿಡುವ ತಡೆಯನ್ನು ಈ ಹಾರ್ಮೋನ್ ಸ್ವಲ್ಪ ಸಡಿಲ ಮಾಡುತ್ತದೆ. ಆ ಹೊತ್ತಿನಲ್ಲಿ ಕೂಗು ಒಳಗೆ ಅಚ್ಚಾಗುತ್ತದೆ. ಆಮೇಲೆ ತಡೆ ಮತ್ತೆ ಬಿಗಿಯಾಗುತ್ತದೆ, ಈ ಸಲ ಕೂಗಿಗೆ ಹೊಂದಿಕೊಂಡು.

ಹಾರ್ಮೋನ್ ಕಥೆ ಕೇಳಿದ ಕೂಡಲೇ ಗಂಡಂದಿರು "ನೋಡಿದ್ರಾ!" ಅಂತಾರೆ. ಸ್ವಲ್ಪ ತಡೀರಿ. ತಾಯಿ ಮತ್ತು ಮರಿಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಕೆಲವು ದಿನ ಬಿಟ್ಟರೆ, ಹೊರಗಿನಿಂದ ಹಾರ್ಮೋನ್ ಕೊಡದೆಯೂ ಮರಿ ಹಾಕದ ಆ ಹೆಣ್ಣಿಲಿಗಳು ಕಲಿಯುತ್ತವೆ. 2021ರಲ್ಲಿ ಫ್ರೋಮ್ಕಿ ಬಳಗವೇ ಇನ್ನೊಂದು ಮಜಾ ಕಂಡಿತು. ತಾಯಿ ಇಲಿ ಜೊತೆಯವಳನ್ನು ಗೂಡಿನ ಕಡೆ ದೂಡಿಕೊಂಡು ಬರುತ್ತದೆ! ಅದನ್ನು ಓದಿ ಒಬ್ಬಳೇ ನಕ್ಕಿದ್ದೆ. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯರಿಗೂ ಹಾಗೇ ಒಪ್ಪುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ಮನುಷ್ಯರ ಲೆಕ್ಕವೂ ಇದೆ. 2013ರ ಒಂದು ಅಧ್ಯಯನದಲ್ಲಿ, ಮಗುವಿನ ಜೊತೆ ದಿನಕ್ಕೆ 4 ಗಂಟೆಗಿಂತ ಜಾಸ್ತಿ ಇರುವ ಅಪ್ಪಂದಿರು ತಮ್ಮ ಮಗುವಿನ ಅಳುವನ್ನು ಅಮ್ಮಂದಿರಷ್ಟೇ ಚೆನ್ನಾಗಿ ಗುರುತಿಸಿದರು. ಕಡಿಮೆ ಹೊತ್ತು ಇದ್ದವರು ಹಿಂದೆ ಬಿದ್ದರು.

ಅಮ್ಮಂದಿರೂ ಕಲಿತೇ ಬಂದವರು. 1967ರಲ್ಲೇ ಪ್ರಕಟವಾದ ಒಂದು ಹೆರಿಗೆ ವಾರ್ಡಿನ ಅಧ್ಯಯನದಲ್ಲಿ, ಮೊದಲ ಮೂರು ರಾತ್ರಿ ಬೇರೆ ಮಗು ಅತ್ತರೂ ತಾಯಂದಿರು ಏಳುತ್ತಿದ್ದರು. ಆಮೇಲೆ ಹೆಚ್ಚುಕಡಿಮೆ ತಮ್ಮ ಮಗುವಿಗೆ ಮಾತ್ರ. ಅದಕ್ಕೇ "ತಾಯಿಯಾಗಿ ಅಷ್ಟೂ ಗೊತ್ತಾಗಲ್ವಾ, ಯಾಕೆ ಅಳ್ತಿದೆ ಅಂತ?" ಅನ್ನುವ ಅತ್ತೆಯರ ಮೇಲೂ ನನಗೆ ಸಿಟ್ಟಿದೆ. ಯಾರ ಮಗು ಅಂತ ಗೊತ್ತಾಗೋದು ಬೇರೆ, ಯಾಕೆ ಅಂತ ಗೊತ್ತಾಗೋದು ಬೇರೆ. ಹಸಿವೋ ನಿದ್ದೆಯೋ ಅಂತ ಬರೀ ದನಿಯಿಂದ ಹೇಳೋದು ಯಾರಿಗೂ ಕಷ್ಟ. ಹಾಲು ಕುಡಿದು ಎಷ್ಟು ಹೊತ್ತಾಯಿತು, ಬಟ್ಟೆ ಒದ್ದೆಯಾಗಿದೆಯಾ, ಅದನ್ನೆಲ್ಲ ನೋಡಿಯೇ ಅಂದಾಜು ಮಾಡಬೇಕು.

ಒಬ್ಬಾಕೆ ತನ್ನ ಕಿವಿಯನ್ನೇ ಪರೀಕ್ಷೆ ಮಾಡಿಸಲು ಬಂದಿದ್ದಳು. ಎರಡು ತಿಂಗಳ ಮಗು ಹೊರಗೆ ಅಜ್ಜಿಯ ತೊಡೆ ಮೇಲೆ. ನಾನು ಶಬ್ದ ಕೊಡದೇ ಇದ್ದಾಗಲೂ ಆಕೆ ಬಟನ್ ಒತ್ತುತ್ತಿದ್ದಳು, ಒತ್ತಿ ಗಾಜಿನಾಚೆ ಬಾಗಿಲ ಕಡೆ ನೋಡುತ್ತಿದ್ದಳು. ಹೊರಗೆ ಬಂದವಳೇ "ಅತ್ತಿತಾ?" ಎಂದಳು. ಮಗು ಗಾಢ ನಿದ್ದೆಯಲ್ಲಿತ್ತು. ಸ್ನಾನದ ನೀರಿನ ಸದ್ದಿನಲ್ಲೂ, ಫ್ಯಾನಿನ ಸದ್ದಿನಲ್ಲೂ ಅಳು ಕೇಳಿಸುತ್ತೆ ಅಂತ ಹೆದರಿಕೊಂಡಿದ್ದಳು. ಹೊಸ ತಾಯಂದಿರು ಇದನ್ನು ತುಂಬ ಹೇಳುತ್ತಾರೆ. ಕಾದು ಕೂತ ಮಿದುಳು ಸದ್ದಿನ ನಡುವೆ ಅಳುವನ್ನೇ ಹುಡುಕುತ್ತದೆ. ಹೆದರಬೇಕಾಗಿಲ್ಲ ಎಂದೆ. ಕೂತು ಸ್ವಲ್ಪ ಅತ್ತಳು, ಪಾಪ.

ಆದರೆ ಮಗು ಮಲಗಿದ್ದಾಗಲೂ ದಿನಗಟ್ಟಲೆ ನಿದ್ದೆ ಬರದಿದ್ದರೆ, ಅಳು ಕೇಳಿದರೆ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನಿಸಿದರೆ, ಯಾರೋ ಮಾತಾಡಿದಂತೆ ಕೇಳಿಸಿದರೆ, ಅದು ನನ್ನ ಬೂತಿನ ಕೆಲಸವಲ್ಲ. ತಡಮಾಡದೆ ವೈದ್ಯರನ್ನು ನೋಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅದೇ ದಿನ ಕಿವಿ ಡಾಕ್ಟರ ಹತ್ತಿರ ಹೋಗಿ. ಯಜಮಾನರ ಕಿವಿಯ ಪಂಚಾಯಿತಿ ಆಮೇಲೆ ನೋಡೋಣ.