ಸೊನ್ನೆ ಬಿದ್ದ ಪುಟದಲ್ಲಿರುವ ಸಾಧನೆ

ಉಕ್ತಲೇಖನದಲ್ಲಿ ‘ವಿದ್ಯಾರ್ಥಿ’ ಎಂಬ ಪದ ಬಂತು ಎಂದುಕೊಳ್ಳಿ. ಡಿಸ್ಲೆಕ್ಸಿಯಾ (ಓದು, ಕಾಗುಣಿತ ಕಷ್ಟವಾಗುವ ಕಲಿಕಾ ಭಿನ್ನತೆ) ಇರುವ ಮಗು ಎರಡು ತಿಂಗಳ ಹಿಂದೆ ಅದನ್ನು ‘ವಿದಾತಿ’ ಎಂದು ಬರೆದಿತ್ತು, ಈಗ ‘ವಿದ್ಯಾರ್ತಿ’ ಎಂದು ಬರೆದಿದೆ. ಪದಕ್ಕೊಂದು ಅಂಕ ಎಂಬ ಲೆಕ್ಕದಲ್ಲಿ ಅಂದೂ ಸೊನ್ನೆ, ಇಂದೂ ಸೊನ್ನೆ. ಅಕ್ಷರ ಎಣಿಸಿ ನೋಡಿ. ಮೂರರಲ್ಲಿ ಅಂದು ‘ವಿ’ ಒಂದೇ ಸರಿಯಿತ್ತು. ಇಂದು ‘ದ್ಯಾ’ ಕೂಡ ಸರಿ. ಮೂರನೆಯ ಅಕ್ಷರದಲ್ಲಿ ಅರ್ಕಾವತ್ತು ಬಂದು ಕೂತಿದೆ, ತಪ್ಪಿರುವುದು ಮಹಾಪ್ರಾಣ ಮಾತ್ರ.

ಕಲಿಕಾ ಭಿನ್ನತೆ ಇರುವ ಮಕ್ಕಳ ಸಾಧನೆಯನ್ನು ಸಂಭ್ರಮಿಸಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ತೊಡಕಿರುವುದು ಆ ಸಾಧನೆ ಕಣ್ಣಿಗೆ ಬೀಳುವುದರಲ್ಲಿ. ತರಗತಿಯ ಮಾಮೂಲಿ ಅಳತೆಗೋಲು ತೀರಾ ಒರಟು. ತಿಂಗಳುಗಟ್ಟಲೆ ಮಾಡಿದ ದುಡಿಮೆ ಅದರ ಸಂದಿಯಲ್ಲಿ ಜಾರಿಹೋಗುತ್ತದೆ. ಹೇಳಲು ಏನೂ ಸಿಗದಾಗ ಶಿಕ್ಷಕರು ಒಳ್ಳೆಯ ಮನಸ್ಸಿನಿಂದಲೇ ‘ಸೂಪರ್, ತುಂಬಾ ಚೆನ್ನಾಗಿದೆ’ ಎಂದುಬಿಡುತ್ತಾರೆ. ಕೆಂಪು ಗೆರೆ ತುಂಬಿದ ಪುಟವನ್ನು ಕೈಯಲ್ಲಿ ಹಿಡಿದಿರುವ ಮಗುವಿಗೆ ಅದು ಸುಳ್ಳೆಂದು ಗೊತ್ತಾಗಲು ಎಷ್ಟು ಹೊತ್ತು ಬೇಕು? ಒಮ್ಮೆ ಗೊತ್ತಾದ ಮೇಲೆ ನಿಜವಾದ ಮೆಚ್ಚುಗೆಯನ್ನೂ ಅದು ನಂಬುವುದಿಲ್ಲ.

ಲೆಕ್ಕದಲ್ಲೂ ಇದೇ ಪಾಡು. 43ರಲ್ಲಿ 17 ಕಳೆಯಬೇಕು. ಡಿಸ್ಕ್ಯಾಲ್ಕ್ಯುಲಿಯಾ (ಸಂಖ್ಯೆ, ಲೆಕ್ಕ ಕಷ್ಟವಾಗುವ ಭಿನ್ನತೆ) ಇರುವ ಮಗು ಮೊದಮೊದಲು 34 ಎಂದು ಬರೆಯುತ್ತದೆ: 3ರಲ್ಲಿ 7 ಹೋಗುವುದಿಲ್ಲ, ಹಾಗಾಗಿ ತಿರುಗಿಸಿ 7ರಲ್ಲಿ 3 ಕಳೆದಿರುತ್ತದೆ. ಕೆಲವು ವಾರಗಳ ಮೇಲೆ ಅದೇ ಲೆಕ್ಕಕ್ಕೆ 25 ಎಂದು ಬರೆಯುತ್ತದೆ. ಎರಡೂ ತಪ್ಪು. ಆದರೆ ಈ ಸಲ ಹತ್ತರ ಸ್ಥಾನದಿಂದ ಸಾಲ ತಂದಿದೆ, 13ರಲ್ಲಿ 7 ಕಳೆಯುವಾಗ ಬೆರಳೆಣಿಕೆಯಲ್ಲಿ ಒಂದು ಜಾರಿದೆ, ಅಷ್ಟೇ. ಸ್ಥಾನಬೆಲೆ ತಿಳಿಯದ ತಪ್ಪಿನಿಂದ ಎಣಿಕೆಯ ತಪ್ಪಿಗೆ ಬಂದದ್ದು ದೊಡ್ಡ ಜಿಗಿತ. ಉತ್ತರವನ್ನಷ್ಟೇ ನೋಡಿ ಅಡ್ಡಗೆರೆ ಎಳೆಯುವವರಿಗೆ ಅದು ಕಾಣುವುದೇ ಇಲ್ಲ.

ಹಾಗಾಗಿ ಸಂಭ್ರಮದ ತಯಾರಿ ಬಹುಮಾನ ಕೊಡುವ ದಿನ ಶುರುವಾಗುವಂಥದ್ದಲ್ಲ, ಆರೆಂಟು ವಾರ ಮೊದಲೇ ಶುರುವಾಗಬೇಕು. ಓದಿಗೆ ಅನುಕೂಲವಾದದ್ದು ಒಂದು ನಿಮಿಷದ ಅಳತೆ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಸ್ಟ್ಯಾನ್ಲಿ ಡೆನೊ ಮತ್ತು ಸಂಗಡಿಗರು ವಿಶೇಷ ಶಿಕ್ಷಕರ ಬಳಕೆಗೆಂದೇ ರೂಪಿಸಿದ ಕ್ರಮ ಇದು. ಮಗು ಇದುವರೆಗೆ ಓದಿರದ, ಒಂದೇ ಮಟ್ಟದ ಮೂರು ಪಠ್ಯಭಾಗ ಆಯ್ದುಕೊಳ್ಳಿ. ಒಬ್ಬರೇ ಇರುವಾಗ, ಬೇರೆ ಮಕ್ಕಳ ಕಿವಿಗೆ ಬೀಳದ ಜಾಗದಲ್ಲಿ, ಪ್ರತಿಯೊಂದನ್ನೂ ಒಂದು ನಿಮಿಷ ಓದಿಸಿ. ತಪ್ಪಿ ಓದಿದ್ದು, ಬಿಟ್ಟದ್ದು, 3 ಸೆಕೆಂಡಿಗಿಂತ ಹೆಚ್ಚು ತಡವರಿಸಿ ನೀವೇ ಹೇಳಿಕೊಡಬೇಕಾದದ್ದು ತಪ್ಪಿನ ಲೆಕ್ಕಕ್ಕೆ. ಮಗು ತಾನೇ ತಿದ್ದಿಕೊಂಡರೆ ಸರಿ ಎಂದೇ ಹಿಡಿಯಿರಿ. ನಿಮಿಷದಲ್ಲಿ ಸರಿಯಾಗಿ ಓದಿದ ಅಕ್ಷರಗಳ ಎಣಿಕೆ ಮೂರು ಸಲ 61, 74, 66 ಬಂದರೆ ನಡುವಿನ 66 ನಿಮ್ಮ ಆರಂಭದ ಅಂಕಿ. ಸರಾಸರಿ ತೆಗೆದುಕೊಳ್ಳದಿರಲು ಕಾರಣವಿದೆ: ಒಂದು ಕೆಟ್ಟ ಓದು ಸರಾಸರಿಯನ್ನು ಎಳೆದುಹಾಕುತ್ತದೆ, ನಡುವಿನ ಅಂಕಿಯನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಕನ್ನಡದ ಓದಿಗೆ ಪದ ಎಣಿಸಿದರೆ ಮೋಸ ಹೋಗುತ್ತೀರಿ. ‘ಮನೆ’ಯೂ ಒಂದು ಪದ, ‘ಹೋಗಬೇಕಾಗಿತ್ತಂತೆ’ಯೂ ಒಂದೇ ಪದ. ಅಕ್ಷರಗಳನ್ನೇ ಎಣಿಸಿ, ಒತ್ತಕ್ಷರ ಸೇರಿದ್ದನ್ನು ಒಂದಾಗಿ. ಇಂಗ್ಲಿಷ್ ಓದಿಗೆಂದು ಮಾಡಿದ ‘ನಿಮಿಷಕ್ಕೆ ಇಷ್ಟು ಪದ’ ಪಟ್ಟಿಗಳನ್ನು ಇಲ್ಲಿ ತಂದು ಹೋಲಿಸಬೇಡಿ.

ಆಮೇಲೆ ವಾರಕ್ಕೊಂದು ಅಳತೆ, ಅದೇ ಮಟ್ಟದ ಹೊಸ ಪಠ್ಯಭಾಗದಲ್ಲಿ. ಚೌಕುಳಿ ಹಾಳೆಯ ಮೇಲೆ ಚುಕ್ಕಿಯನ್ನು ಮಗುವೇ ಇಡಲಿ. ಒಂದೆರಡು ಚುಕ್ಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ. ನಿದ್ದೆಗೆಟ್ಟ ರಾತ್ರಿ ಕೂಡ ಅಂಕಿ ಬದಲಿಸುತ್ತದೆ. ಆರು ವಾರದ ಓಟ ನೋಡಿ ಮಾತಾಡಿ. ಡಿಸ್ಗ್ರಾಫಿಯಾ (ಬರೆಯುವುದು ಕಷ್ಟವಾಗುವ ಭಿನ್ನತೆ) ಇರುವವರಿಗೆ ಎರಡು ಹಾಳೆ ಬೇಕು: ಬಾಯಲ್ಲಿ ಹೇಳಿ ಬರೆಸಿದ ಪ್ರಬಂಧದ ವಿಚಾರಕ್ಕೊಂದು, ಕೈಬರಹಕ್ಕೊಂದು. ಎರಡನ್ನೂ ಒಂದೇ ಅಂಕದಲ್ಲಿ ಕಲಸಿದರೆ ಚೆನ್ನಾಗಿ ಯೋಚಿಸುವ ಮಗುವೂ ಸದಾ ಹಿಂದುಳಿದಂತೆಯೇ ಕಾಣುತ್ತದೆ.

ಇನ್ನು ಮಾತು. 1998ರಲ್ಲಿ ಮನಶ್ಶಾಸ್ತ್ರಜ್ಞರಾದ ಕ್ಲಾಡಿಯಾ ಮ್ಯೂಲರ್ ಮತ್ತು ಕ್ಯಾರೊಲ್ ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು, ಒಮ್ಮೆ ಸೋಲು ಕಂಡ ಮೇಲೆ, ಶ್ರಮಕ್ಕೆ ಹೊಗಳಿಸಿಕೊಂಡವರಿಗಿಂತ ಬೇಗ ಕೈಚೆಲ್ಲಿದರು. ಇದನ್ನು ಓದಿದ ಹಲವರು ‘ಶ್ರಮ ಹೊಗಳಿದರೆ ಸಾಕು’ ಎಂದುಕೊಂಡರು. ಕಲಿಕಾ ಭಿನ್ನತೆ ಇರುವ ಮಗುವಿನ ಮಟ್ಟಿಗೆ ಅದು ಅರ್ಧ ಸತ್ಯ. ಅದು ಮೊದಲಿನಿಂದಲೂ ಶ್ರಮಪಡುತ್ತಲೇ ಇತ್ತು, ಫಲ ಸಿಕ್ಕಿರಲಿಲ್ಲ. ‘ಕಷ್ಟಪಟ್ಟಿದ್ದಕ್ಕೆ ಬಂತು ನೋಡು’ ಎಂದರೆ ‘ಹಿಂದೆ ನಾನು ಸೋಮಾರಿಯಾಗಿದ್ದೆನಾ?’ ಎಂದು ಅದಕ್ಕೆ ಕೇಳಿಸುತ್ತದೆ. ಹೆಸರಿಡಬೇಕಾದದ್ದು ಉಪಾಯಕ್ಕೆ. ‘ಹೋದ ತಿಂಗಳು ಒತ್ತಕ್ಷರ ಬಂದಲ್ಲಿ ಹಾರಿಸಿ ಓದುತ್ತಿದ್ದೆ. ಈಗ ಬೆರಳಿಟ್ಟು ಮೇಲಿನದು, ಕೆಳಗಿನದು ಬಿಡಿಸಿ ಓದುತ್ತೀಯ. ಹತ್ತರಲ್ಲಿ ಏಳು ಸರಿ ಬಂದವು.’ ಮೊದಲು ಹೇಗಿತ್ತು, ಏನು ಮಾಡಿದೆ, ಈಗ ಏನಾಗಿದೆ. ಇಷ್ಟೇ ಸಾಕು, ‘ಅದ್ಭುತ’ದ ಅಗತ್ಯವಿಲ್ಲ. ಎಡ್ಡಿ ಬ್ರುಮೆಲ್ಮನ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ತೋರಿಸಿದಂತೆ, ಉಬ್ಬಿಸಿದ ಹೊಗಳಿಕೆ ಕೇಳಿದಾಗ ಆತ್ಮವಿಶ್ವಾಸ ಕಡಿಮೆಯಿರುವ ಮಕ್ಕಳು ಕಷ್ಟದ ಕೆಲಸದಿಂದ ಹಿಂದೆ ಸರಿಯುತ್ತಾರೆ. ವಿಪರ್ಯಾಸವೆಂದರೆ ದೊಡ್ಡವರು ಉಬ್ಬಿಸಿ ಹೊಗಳುವುದು ಹೆಚ್ಚಾಗಿ ಅಂಥ ಮಕ್ಕಳನ್ನೇ.

ಬಾಯಿತಪ್ಪಿಯೂ ಆಡಬಾರದ ಎರಡು ಮಾತಿವೆ: ‘ಅವನ ಮಟ್ಟಕ್ಕೆ ಚೆನ್ನಾಗಿದೆ’ ಮತ್ತು ‘ಅವನೇ ಓದಿದ ಅಂದ್ಮೇಲೆ ನಿಮಗೇನು ಕಷ್ಟ?’ ಎರಡನೆಯದರಲ್ಲಿ ಮಗುವಿನ ಗೆಲುವು ಇತರರನ್ನು ಬೈಯುವ ಕೋಲಾಗುತ್ತದೆ. ಐನ್‌ಸ್ಟೈನ್‌ಗೂ ಡಿಸ್ಲೆಕ್ಸಿಯಾ ಇತ್ತು ಎಂಬ ಭಾಷಣವನ್ನೂ ಬಿಡಬಹುದು. ಅದಕ್ಕೆ ಗಟ್ಟಿ ಆಧಾರವಿಲ್ಲ, ಇದ್ದಿದ್ದರೂ ಒತ್ತಕ್ಷರ ಕಲಿತವನಿಗೆ ಸಾಪೇಕ್ಷತೆಯ ಹೋಲಿಕೆ ಭಾರ.

ವೇದಿಕೆ ಬೇಕೋ ಬೇಡವೋ ಎಂಬುದನ್ನು ಮಗುವನ್ನೇ ಕೇಳಿ, ಮುಂಚಿತವಾಗಿ, ಒಬ್ಬರೇ ಇರುವಾಗ. ಮನೆಗೊಂದು ಪತ್ರ, ಮೇಜಿನ ಮೇಲೊಂದು ಚೀಟಿ, ಇಬ್ಬರು ಗೆಳೆಯರ ಮುಂದೆ ಹೇಳುವುದು, ಎಲ್ಲರ ಮುಂದೆ ಬಹುಮಾನ: ಇವುಗಳಲ್ಲಿ ಯಾವುದು ಬೇಕೆಂದು ಆರಿಸಲಿ. ವೇದಿಕೆಗೆ ಬಂದರೆ ಅಲ್ಲಿ ಗಟ್ಟಿಯಾಗಿ ಓದಿಸುವ ದುಸ್ಸಾಹಸ ಬೇಡ. ಸದ್ದು ತಡೆಯಲಾಗದ ಮಕ್ಕಳಿದ್ದರೆ ಚಪ್ಪಾಳೆಯ ಬದಲು ಕೈ ಮೇಲೆತ್ತಿ ಅಲ್ಲಾಡಿಸುವ ರೂಢಿ ಮಾಡಿ. ಪ್ರಮಾಣಪತ್ರದಲ್ಲಿ ‘ನ್ಯೂನತೆಯನ್ನು ಮೆಟ್ಟಿ ನಿಂತ’ ಎಂದು ಬರೆದರೆ ಮಗುವಿನ ಖಾಸಗಿ ವಿಷಯ ಊರಿಗೆಲ್ಲ ಸಾರಿದಂತೆ. ‘ಒತ್ತಕ್ಷರದ ಓದಿನಲ್ಲಿ ಏರಿಕೆ’ ಎಂದಷ್ಟೇ ಬರೆಯಿರಿ. ಹೆಚ್ಚುವರಿ ಸಮಯ ಅಥವಾ ಲಿಪಿಕಾರರ ನೆರವು ಪಡೆದಿದ್ದನ್ನು ಅಲ್ಲಿ ನಮೂದಿಸಬೇಕಿಲ್ಲ. ಕನ್ನಡಕ ಹಾಕಿಕೊಂಡು ಪರೀಕ್ಷೆ ಬರೆದವರ ಅಂಕಪಟ್ಟಿಯಲ್ಲಿ ಕನ್ನಡಕದ ಸುದ್ದಿ ಇರುತ್ತದೆಯೇ? ಇಡೀ ತರಗತಿಯೇ ತಂತಮ್ಮ ಚುಕ್ಕಿ ಹಾಳೆ ಇಟ್ಟುಕೊಂಡರಂತೂ ಯಾರೂ ಪ್ರತ್ಯೇಕವಾಗಿ ಎದ್ದುಕಾಣುವುದಿಲ್ಲ.

ಎಡಿಎಚ್‌ಡಿ (ಗಮನ ನಿಲ್ಲಿಸುವುದು, ಸುಮ್ಮನೆ ಕೂರುವುದು ಕಷ್ಟವಾಗುವ ಸ್ಥಿತಿ) ಇರುವ ಮಕ್ಕಳಿಗೆ ತಿಂಗಳ ಕೊನೆಯ ಬಹುಮಾನ ಬಹಳ ದೂರ. ಅವರಿಗೆ ತಕ್ಷಣದ್ದು ತಾಗುತ್ತದೆ, ತಡವಾದದ್ದು ಸಪ್ಪೆ. ಅದೇ ಪಾಠದ ಅವಧಿಯೊಳಗೆ ಹೇಳಿ. ಬೆಳಗ್ಗೆ ಕೊಟ್ಟ ನಕ್ಷತ್ರವನ್ನು ಮಧ್ಯಾಹ್ನದ ಗಲಾಟೆಗೆ ವಾಪಸ್ ಕಿತ್ತುಕೊಳ್ಳಬೇಡಿ; ಬೆಳಗಿನ ಕೆಲಸ ಬೆಳಗ್ಗೆಯೇ ಆಗಿಹೋಗಿದೆ.

ಚಿತ್ರ, ಆಟ, ಯಂತ್ರ ಬಿಚ್ಚಿ ಜೋಡಿಸುವುದು ಇಂಥವುಗಳಲ್ಲಿ ಮಗು ಚುರುಕಾಗಿದ್ದರೆ ಅದನ್ನೂ ಮೆಚ್ಚಿ. ಆದರೆ ಓದು ಬಾರದ್ದಕ್ಕೆ ಸಮಾಧಾನದ ಬಹುಮಾನವಾಗಿ ಅಲ್ಲ. ಇಷ್ಟಪಟ್ಟು ಮಾಡುವುದಕ್ಕೆಲ್ಲ ಮೊದಲೇ ಬಹುಮಾನ ಘೋಷಿಸುವುದೂ ಅಪಾಯ. 1973ರ ಒಂದು ಪ್ರಯೋಗದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವ ಪುಟ್ಟ ಮಕ್ಕಳಿಗೆ ಪ್ರಮಾಣಪತ್ರದ ಆಸೆ ತೋರಿಸಿದಾಗ, ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಪೆನ್ನು ಹಿಡಿಯುವುದೇ ಕಡಿಮೆಯಾಯಿತು.

ಹೆಚ್ಚಿನವರು ಎಡವುವುದು ಸಂಭ್ರಮದ ಮಾರನೆಯ ದಿನ. ‘ಮನಸ್ಸು ಮಾಡಿದರೆ ಬರುತ್ತದೆ ಎಂದಾಯಿತಲ್ಲ’ ಎಂದು ನೆರವು ನಿಲ್ಲಿಸುತ್ತಾರೆ, ಗುರಿಯನ್ನು ಒಮ್ಮೆಲೇ ಎತ್ತರಿಸುತ್ತಾರೆ. ಗೆದ್ದರೆ ಇರುವ ಊರುಗೋಲೂ ಹೋಗುತ್ತದೆ ಎಂದು ಮಗು ಕಲಿತುಬಿಟ್ಟರೆ ಮುಂದಿನ ಸಲ ಗೆಲ್ಲಲು ಅಂಜುತ್ತದೆ. ಏರಿಕೆ ಬಂದ ಮೇಲೂ ಅದೇ ಪಾಠಕ್ರಮ, ಅದೇ ಹೆಚ್ಚುವರಿ ಸಮಯ ಮುಂದುವರಿಯಲಿ. ಸತತ ನಾಲ್ಕು ಚುಕ್ಕಿ ಗುರಿಗೆರೆಗಿಂತ (ಆರಂಭದ ಅಂಕಿಯಿಂದ ಮುಟ್ಟಬೇಕಾದ ಅಂಕಿಗೆ ಹಾಳೆಯಲ್ಲಿ ಎಳೆದ ಗೆರೆ) ಕೆಳಗೆ ಬಿದ್ದರೆ ಮಗುವಿಗೆ ಬುದ್ಧಿ ಹೇಳುವ ಬದಲು ನೀವು ಕಲಿಸುವ ರೀತಿ ಬದಲಿಸಿ, ಬದಲಿಸಿದ ದಿನ ಹಾಳೆಯಲ್ಲಿ ಒಂದು ಉದ್ದಗೆರೆ ಎಳೆಯಿರಿ. ನೆರವು ತಗ್ಗಿಸಲೇಬೇಕೆಂದರೆ ಒಂದು ಸಲಕ್ಕೆ ಒಂದನ್ನು ಮಾತ್ರ ತಗ್ಗಿಸಿ, ಮೂರು ವಾರ ಚುಕ್ಕಿಗಳನ್ನು ನೋಡಿ. ಇಳಿದರೆ ತೆಗೆದದ್ದನ್ನು ಮಾತಿಲ್ಲದೆ ವಾಪಸ್ ಕೊಡಿ.