ಹೆಬ್ಬೆಟ್ಟು ಒಪ್ಪದ ಯಂತ್ರ, ಕೈಗೆ ಸಿಗದ ಹಿಂಬರಹ

ನಮ್ಮ ವಕೀಲರ ಕಚೇರಿಗೆ ಬಂದ ಅಜ್ಜಿಯೊಬ್ಬರು ಕಾಗದಪತ್ರ ತೆಗೆಯುವ ಮೊದಲೇ ತಮ್ಮ ಬಲಗೈ ಹೆಬ್ಬೆರಳನ್ನು ಮುಂದೆ ಚಾಚಿದರು. ಕೂಲಿ ಮಾಡಿ ಮಾಡಿ ಅದರ ರೇಖೆಗಳು ಸವೆದುಹೋಗಿದ್ದವು. ನ್ಯಾಯಬೆಲೆ ಅಂಗಡಿಯ ಯಂತ್ರ ಆ ಬೆರಳನ್ನು ಒಪ್ಪದ ಕಾರಣ, ‘ಮುಂದಿನ ತಿಂಗಳು ಬನ್ನಿ ಅಮ್ಮ’ ಎಂಬ ಮಾತು ಕೇಳಿಸಿಕೊಂಡು ಅವರು ಎರಡು ತಿಂಗಳು ಬರಿಗೈಯಲ್ಲಿ ಮರಳಿದ್ದರು.

ಕಾನೂನು ಅವರ ಪರವಾಗಿಯೇ ಇತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನಲ್ಲಿರುವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 26ರಂದು 4:1ರ ಬಹುಮತದಿಂದ ಆಧಾರ್ ಕಾಯ್ದೆಯನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆಗೂ ಮೊಬೈಲ್ ಸಂಖ್ಯೆಗೂ ಆಧಾರ್ ಜೋಡಣೆ ಕಡ್ಡಾಯವೆಂಬುದನ್ನು ತಳ್ಳಿಹಾಕಿತಾದರೂ, ಸರ್ಕಾರದ ಸಂಚಿತ ನಿಧಿಯಿಂದ ಕೊಡುವ ಸಹಾಯಧನ ಮತ್ತು ಸೌಲಭ್ಯಗಳಿಗೆ ಆಧಾರ್ ಕೇಳಲು ಅವಕಾಶ ನೀಡುವ 7ನೇ ಕಲಮನ್ನು ಉಳಿಸಿಕೊಂಡಿತು. ಜನ ನೆನಪಿಟ್ಟುಕೊಂಡಿರುವುದು ಇಷ್ಟನ್ನೇ. ಬೆರಳಚ್ಚು ಹೊಂದಿಕೆಯಾಗಲಿಲ್ಲವೆಂಬ ಕಾರಣಕ್ಕೆ ಅರ್ಹರಿಗೆ ಸೌಲಭ್ಯ ತಪ್ಪಬಾರದೆಂದು ಅದೇ ತೀರ್ಪು ಹೇಳಿರುವುದು ಅಂಗಡಿಯ ಕಟ್ಟೆಯವರೆಗೆ ತಲುಪಿಲ್ಲ. ಸರ್ಕಾರಿ ನೌಕರರ ನಿವೃತ್ತಿ ವೇತನದಂತೆ ದುಡಿದು ಗಳಿಸಿದ ಹಕ್ಕು 7ನೇ ಕಲಮಿನ ವ್ಯಾಪ್ತಿಗೇ ಬರುವುದಿಲ್ಲವೆಂದು ಬಹುಮತದ ತೀರ್ಪಿನಲ್ಲಿದೆ. ಇದನ್ನಂತೂ ವಕೀಲರೇ ಮರೆಯುತ್ತಾರೆ.

ತೀರ್ಪಿಗೂ ಮೊದಲು, 2017ರ ಅಕ್ಟೋಬರ್ 24ರಂದೇ, ಆಧಾರ್ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರ ಹೆಸರನ್ನು ಪಡಿತರ ಪಟ್ಟಿಯಿಂದ ತೆಗೆಯಬಾರದೆಂದು ಕೇಂದ್ರದ ಆಹಾರ ಇಲಾಖೆ ರಾಜ್ಯಗಳಿಗೆ ಬರೆದಿತ್ತು.

ಹಾಗಿದ್ದೂ ಅಜ್ಜಿಗೆ ಅಕ್ಕಿ ಸಿಗಲಿಲ್ಲ. ನನ್ನ ಅನುಭವದಲ್ಲಿ ಇಂಥ ಪ್ರಕರಣಗಳು ಸೋಲುವುದು ಕಾನೂನು ಸಾಲದೆ ಅಲ್ಲ, ಕಾಗದ ಇಲ್ಲದೆ. ನಿರಾಕರಣೆಯೆಲ್ಲ ಬಾಯಿಮಾತಿನಲ್ಲೇ ನಡೆದುಹೋಗುತ್ತದೆ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ, ಅಧಿಕಾರಿ ತನ್ನ ಕರ್ತವ್ಯ ಮಾಡುವಂತೆ ಆದೇಶಿಸಿ ಎಂದು ಕೋರಿದರೆ, ಪೀಠದಿಂದ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ, ‘ನೀವು ಕೇಳಿದ್ದೀರಾ, ಅವರು ಇಲ್ಲವೆಂದಿದ್ದಾರಾ, ದಾಖಲೆ ಎಲ್ಲಿದೆ?’ ಎಂಬುದು. ಅರ್ಜಿಗೆ ಅಧಿಕಾರಿ ಕಾರಣ ಸಹಿತ ಬರೆದುಕೊಡುವ ಆ ದಾಖಲೆಗೆ ಸರ್ಕಾರಿ ಕಚೇರಿಗಳ ಭಾಷೆಯಲ್ಲಿ ಹಿಂಬರಹ ಎಂದು ಹೆಸರು. ಅದನ್ನು ಕೊಡಲು ಗುಮಾಸ್ತರು ಹಿಂಜರಿಯುವುದೂ ಸಹಜವೇ, ಕಾರಣ ಬರೆದು ಸಹಿ ಹಾಕಿದವರು ನಾಳೆ ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಆದ್ದರಿಂದ ಅರ್ಜಿಯನ್ನು ಎರಡು ಪ್ರತಿ ಮಾಡಿಸಿ, ಯಾವ ದಿನ ಯಾವ ಅಂಗಡಿಗೆ ಹೋದಾಗ ಯಂತ್ರ ಏನು ತೋರಿಸಿತು ಎಂಬುದನ್ನು ಬರೆದು, ಒಂದು ಪ್ರತಿಯ ಮೇಲೆ ದಿನಾಂಕದ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. 2013ರ ಆಹಾರ ಭದ್ರತಾ ಕಾಯ್ದೆಯಡಿ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ದೂರು ಒಯ್ಯಲು ಈ ಪ್ರತಿ ಬೇಕು. ಆ ಅಧಿಕಾರಿ ಶಿಫಾರಸು ಮಾಡಿದ ಪರಿಹಾರವನ್ನು ಸಕಾರಣವಿಲ್ಲದೆ ಕೊಡದ ಸರ್ಕಾರಿ ನೌಕರರಿಗೆ ಆಯೋಗ 5,000 ರೂಪಾಯಿವರೆಗೆ ದಂಡ ವಿಧಿಸಬಹುದು. ಮೊತ್ತ ಸಣ್ಣದಾದರೂ, ದಂಡ ನೌಕರನ ಮೇಲೆಯೇ ಬೀಳಬಹುದು ಎಂಬುದರಿಂದ ಅದಕ್ಕೊಂದು ತೂಕವಿದೆ.

ಅಜ್ಜಿಯ ಅರ್ಜಿಗೆ ಮೊಹರು ಹಾಕಿಸಲು ನಮ್ಮ ಕಿರಿಯ ವಕೀಲರು ಅರ್ಧ ದಿನ ಕಾಯಬೇಕಾಯಿತು. ನಾಲ್ಕನೆಯ ದಿನ ಅಂಗಡಿಯವರು ಪಡಿತರ ಚೀಟಿ ನೋಡಿ, ವಹಿಯಲ್ಲಿ ಬರೆದುಕೊಂಡು ಅಕ್ಕಿ ಅಳೆದುಕೊಟ್ಟರು. ಹಿಂಬರಹ ಮಾತ್ರ ಬರಲೇ ಇಲ್ಲ.