ಜರ್ಮನಿಯಲ್ಲಿ ನಿರಾಶ್ರಿತರ ತುರ್ತು ಚಿಕಿತ್ಸೆ: ಬಿಲ್ ಯಾರು ಕೇಳಬೇಕು?

ಜರ್ಮನಿಗೆ ನರ್ಸ್ ಕೆಲಸಕ್ಕೆ ತಯಾರಾಗುತ್ತಿರುವವರಿಗೆ ಈ ಟಿಪ್ಪಣಿ.

ಆಶ್ರಯ ಕೋರಿ ಬಂದವರಿಗೆ ಅಲ್ಲಿ 1993ರ ಪ್ರತ್ಯೇಕ ಕಾನೂನಿದೆ. ಥಟ್ಟನೆ ಬಂದ ಕಾಯಿಲೆ, ನೋವು, ಹೆರಿಗೆ, ಲಸಿಕೆಗಳ ಖರ್ಚು ಅದರ 4ನೇ ಕಲಮಿನಲ್ಲಿ ಸಿಗುತ್ತದೆ. ಉಸಿರು ಕಟ್ಟುವ ಕೋವಿಡ್ ಕೂಡ ಇದರೊಳಗೇ. ಕೋವಿಡ್ ಕಾಲದಲ್ಲಿ ಮೊದಲ 18 ತಿಂಗಳು ಈ ವ್ಯವಸ್ಥೆ, ಆಮೇಲೆ ಹೆಚ್ಚುಕಡಿಮೆ ಮಾಮೂಲಿ ವಿಮೆ. ಹಣ ಕೊಡುವುದು ಜೊಟ್ಸಿಯಾಲ್‌ಆಮ್ಟ್, ನಮ್ಮ ಸಮಾಜ ಕಲ್ಯಾಣ ಕಚೇರಿಯಂಥದ್ದು.

ತಲೆ ಕೆಡಿಸುವ 6ಎ ಕಲಮು

ಇದು ಅದೇ ಕಾನೂನಿಗೆ 2015ರಲ್ಲಿ ಸೇರಿದ್ದು. ತುರ್ತಿನಲ್ಲಿ ನೆರವಾದ ಆಸ್ಪತ್ರೆ ತನ್ನ ಖರ್ಚನ್ನು ನೇರವಾಗಿ ಕಚೇರಿಯಿಂದ ಕೇಳಬಹುದು. ಸುಲಭ ಅನ್ನಿಸುತ್ತದೆ, ಅಲ್ವಾ? ಆದರೆ ಈ ಹಕ್ಕು ಕಚೇರಿಗೆ ವಿಷಯ ಗೊತ್ತಾಗುವವರೆಗೆ ಮಾತ್ರ!

ಶನಿವಾರ ರಾತ್ರಿ ಆಂಬುಲೆನ್ಸ್‌ನಲ್ಲಿ ಒಬ್ಬರು ಬಂದರು ಎಂದುಕೊಳ್ಳಿ. ಖರ್ಚು ಭರಿಸುತ್ತೇವೆಂದು ಕಚೇರಿ ಕೊಡುವ ಚಿಕಿತ್ಸಾ ಚೀಟಿ ಇಲ್ಲ, ಕಚೇರಿಯೂ ಮುಚ್ಚಿದೆ. ಸೋಮವಾರ ಬೆಳಿಗ್ಗೆಯವರೆಗಿನ ಖರ್ಚು ಕೇಳುವ ಹಕ್ಕು ಆಸ್ಪತ್ರೆಯದು. ಸೋಮವಾರ ಆಸ್ಪತ್ರೆ ತಿಳಿಸಿತು. ಅಲ್ಲಿಂದ ಮುಂದಿನ ಹಕ್ಕು ರೋಗಿಯದು, 4ನೇ ಕಲಮಿನ ಪ್ರಕಾರ. ಹಾಸಿಗೆ ಒಂದೇ, ಕಾಯಿಲೆ ಒಂದೇ, ಹಕ್ಕುದಾರರು ಇಬ್ಬರು.

ಈಗ ಇದನ್ನೇ ಸ್ವಲ್ಪ ತಿರುಚಿ. ಆಸ್ಪತ್ರೆ ಸುಮ್ನೆ ಕೂತು ಗುರುವಾರ ತಿಳಿಸಿದರೆ? ಸೋಮವಾರವೇ ತಿಳಿಸಬಹುದಿತ್ತು, ಹಾಗಾಗಿ ಆಸ್ಪತ್ರೆಯ ಹಕ್ಕು ಅಲ್ಲಿಗೇ ನಿಂತಿತು. ಕಚೇರಿಗೆ ಗೊತ್ತಿಲ್ಲದ ಕಾರಣ ರೋಗಿಯ ಹಕ್ಕು ಇನ್ನೂ ಶುರುವಾಗಿಲ್ಲ. ನಡುವಿನ ದಿನಗಳ ಬಿಲ್ ಯಾರಿಗೂ ಸೇರದೆ ಉಳಿಯುತ್ತದೆ, ನಷ್ಟ ಆಸ್ಪತ್ರೆಯ ತಲೆಗೆ ಬೀಳಬಹುದು. ದಾಖಲಾತಿ ವಿಭಾಗದವರು ಸೋಮವಾರ ಬೆಳಿಗ್ಗೆ ಅಷ್ಟು ಅವಸರ ಮಾಡುವುದು ಇದಕ್ಕೇ. ಪರೀಕ್ಷೆಗೆ ಬೇರೇನೂ ನೆನಪಿರದಿದ್ದರೂ ಈ ಶನಿವಾರ-ಸೋಮವಾರದ ಲೆಕ್ಕ ನೆನಪಿರಲಿ.

ವೆಂಟಿಲೇಟರ್‌ನಲ್ಲಿರುವವರು ಅರ್ಜಿಗೆ ಸಹಿ ಹಾಕುವುದು ಹೇಗೆ? ಮನೆಯವರು ಕ್ವಾರಂಟೈನ್‌ನಲ್ಲಿದ್ದರೆ? ರೋಗಿಯ ಹಕ್ಕು ಶುರುವಾಗಲು ಸಹಿ ಬೇಕಿಲ್ಲ. ಕಚೇರಿಗೆ ವಿಷಯ ತಲುಪಿದರೆ ಸಾಕು, ಆಸ್ಪತ್ರೆಯ ಫ್ಯಾಕ್ಸ್ ಆದರೂ ನಡೆಯುತ್ತದೆ. 6ಎ ಹಣಕ್ಕೆ ಮಾತ್ರ ಆಸ್ಪತ್ರೆಯೇ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು.

ಉಳಿದದ್ದು

ವಿಮೆ ಇರುವವರು ಆಸ್ಪತ್ರೆಯಲ್ಲಿ ದಿನಕ್ಕೆ 10 ಯೂರೋ ಕಟ್ಟುತ್ತಾರೆ, ವರ್ಷಕ್ಕೆ ಗರಿಷ್ಠ 28 ದಿನ. 4ನೇ ಕಲಮಿನವರಿಗೆ ಅದಿಲ್ಲ. ಬ್ರೆಮೆನ್, ಹ್ಯಾಂಬರ್ಗ್, ಬರ್ಲಿನ್‌ಗಳಲ್ಲಿ ಚೀಟಿಯ ಬದಲು ಆರೋಗ್ಯ ಕಾರ್ಡ್ ಕೊಡುತ್ತಾರೆ. ಕಾರ್ಡ್ ಇದ್ದರೆ ಬಿಲ್ ವಿಮಾ ಸಂಸ್ಥೆಗೆ ಹೋಗುತ್ತದೆ, ಅದು ಸರ್ಕಾರದಿಂದ ವಸೂಲಿ ಮಾಡಿಕೊಳ್ಳುತ್ತದೆ.